ಬಾಗಿಲಲ್ಲಿ ಒಂದು ಮಾತು

ಸೂರ್ಯ ಇನ್ನೂ ಮುಖ ತೊಳೆದಿರುವುದಿಲ್ಲ, ಆಗಲೇ ನಮ್ಮ ಮೆಟ್ಟಿಲ ಮೇಲೆ ಟೀಚರಮ್ಮನ ಬೂಟಿನ ಸದ್ದು. ಕಿವಿಗೊಟ್ಟು ಕೇಳಿದರೆ ಆನೆಯೊಂದು ನಿದ್ದೆಗಣ್ಣಲ್ಲಿ ಮೂರನೇ ಮಹಡಿಯಿಂದ ಇಳಿದು ಬರುತ್ತಿದೆ ಅನ್ನಬೇಕು. ಬಾಗಿಲು ತೆರೆದು ನೋಡಿದರೆ ಕಡ್ಡಿಯಂಥ ಹೆಂಗಸು! ಸದ್ದು ಅವಳದಲ್ಲ, ಅವಳು ಹೊತ್ತ ಚೀಲಗಳದ್ದು. ಒಂದು ಹೆಗಲಲ್ಲಿ ತಿದ್ದಿದ ಉತ್ತರಪತ್ರಿಕೆಗಳು, ಇನ್ನೊಂದರಲ್ಲಿ ತಿದ್ದಬೇಕಾದವು. ಎರಡನೇ ಚೀಲವೇ ಯಾವತ್ತೂ ದಪ್ಪ. ಆ ಭಾರಕ್ಕೆ ಭೂಮಿ ಒಂದು ಪಕ್ಕಕ್ಕೆ ವಾಲದೆ ನಿಂತಿರುವುದೇ ದೊಡ್ಡ ವಿಷಯ.

ಅದೇ ಹೊತ್ತಿಗೆ ಕೆಳಗಿನಿಂದ ಅವಳ ಗಂಡ ಹತ್ತಿ ಬರುತ್ತಾನೆ. ಅವನಿಗೆ ಗೋದಾಮಿನಲ್ಲಿ ರಾತ್ರಿ ಪಾಳಿ. ಗಂಡ ಹೆಂಡತಿ ಎದುರಾಗುವುದು ಎರಡನೇ ಮಹಡಿಯಲ್ಲಿ, ನನ್ನ ಬಾಗಿಲ ಮುಂದೆ. ಅವನು ಕೊಡೆ ಕೊಡುತ್ತಾನೆ, ಅವಳು ಬೀಗದ ಕೈ ಕೊಡುತ್ತಾಳೆ.

"ಅನ್ನ ಮುಚ್ಚಿಟ್ಟಿದೀನಿ. ತಿಂದು ಮಲಗಿ."

"ನೀನು ತಿಂದ್ಯಾ?"

"ಬಸ್ಸಲ್ಲಿ ತಿಂತೀನಿ."

"ಬಸ್ಸಲ್ಲಿ ನೀನು ನಿದ್ದೆ ಮಾಡ್ತೀಯ."

"ನಿದ್ದೇಲೇ ತಿಂತೀನಿ ಬಿಡಿ."

ವಾರದಲ್ಲಿ ಐದು ದಿನ ಇಷ್ಟೇ ಅವರ ಸಂಸಾರ. "ಹೊಸ ಜೋಡಿ ಹಾಗೆ ಕದ್ದು ಮುಚ್ಚಿ ಮೆಟ್ಟಿಲ ಮೇಲೆ ಮಾತಾಡ್ತೀರಲ್ಲ, ಮನೆ ಬೇರೆ ಯಾಕೆ ಬಾಡಿಗೆಗೆ ಹಿಡಿದಿದೀರಿ?" ಎಂದು ನಾನು ಬಾಗಿಲ ಸಂದಿಯಿಂದ ಕೇಳುತ್ತೇನೆ. ಟೀಚರಮ್ಮ ನಗುತ್ತಾಳೆ. ಆ ನಗು ಅರ್ಧ ದಾರಿಯಲ್ಲೇ ಆಕಳಿಕೆಯಾಗುತ್ತದೆ. ಆಕಳಿಸುತ್ತಲೇ ಇಳಿದು ಹೋಗುತ್ತಾಳೆ.

ಅವಳು ಈ ಪರದೇಶದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ನಮ್ಮ ಕಡೆಯೂ ಹತ್ತು ವರ್ಷ ಅದನ್ನೇ ಕಲಿಸಿದವಳು. ಗಂಡನಿಗೆ ಇಲ್ಲಿ ಕೆಲಸ ಎಂದಾಗ ಹಿಂದೆಯೇ ಬಂದಳು. ಇಲ್ಲಿಯವರು ಅವಳ ಸರ್ಟಿಫಿಕೇಟುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇನ್ನೊಂದು ಸಲ ಓದಿಕೊಂಡು ಬಾ ಎಂದರು. ತಲೆಯಲ್ಲಿ ಬೆಳ್ಳಿ ಕೂದಲು ಇಣುಕಿದ ಮೇಲೆ, ತನ್ನ ಅರ್ಧ ವಯಸ್ಸಿನವರ ಪಕ್ಕದಲ್ಲಿ ಕೂತು, ಬಾಯಿ ತಿರುಗದ ಭಾಷೆಯಲ್ಲಿ ಮತ್ತೆ ಪರೀಕ್ಷೆ ಬರೆದಳು. ಪಾಸೂ ಆದಳು. ಆಮೇಲೆ ಸಿಕ್ಕಿದ್ದು ಯಾರಿಗೂ ಬೇಡವಾದ ತರಗತಿ. ಅವಳಿಗಿಂತ ಮುಂಚೆ ಬಂದ ಮೇಷ್ಟ್ರುಗಳು ಅಲ್ಲಿಂದ ಓಡಿದ ರಭಸಕ್ಕೆ ಶಾಲೆಯ ಗೇಟಿನ ಬಣ್ಣ ಕಿತ್ತುಹೋಗಿತ್ತಂತೆ.

"ಮೊದಲನೇ ವರ್ಷ ನಾನು ಬೋರ್ಡಿನ ಕಡೆ ತಿರುಗಿದ್ರೆ ಸಾಕು, ಹಿಂದಿನಿಂದ ನನ್ನ ಧಾಟೀಲೇ ಮಾತಾಡೋರು" ಎನ್ನುತ್ತಾಳೆ. "ಬೈಯೋಣ ಅಂತ ಬಾಯಿ ತೆರೆದ್ರೆ ಬೈಗುಳ ಕನ್ನಡದಲ್ಲೇ ಬರ್ತಿತ್ತು ಅಜ್ಜಿ. ಅದನ್ನೂ ಅಣಕಿಸೋರು. ನಿಜ ಹೇಳ್ಲಾ? ಚೆನ್ನಾಗೇ ಅಣಕಿಸೋರು."

ಆ ಶಾಲೆಯಲ್ಲಿ ಇವತ್ತಿಗೂ ಎರಡು ಕನ್ನಡದ ಬೈಗುಳ ಚಾಲ್ತಿಯಲ್ಲಿವೆ. ದೊಡ್ಡ ಮಕ್ಕಳು ಚಿಕ್ಕ ಮಕ್ಕಳಿಗೆ ಹೇಳಿಕೊಟ್ಟು ಹೋಗುತ್ತಾರೆ. ಪರದೇಶದಲ್ಲಿ ಕನ್ನಡವನ್ನು ಇಷ್ಟು ಗಟ್ಟಿಯಾಗಿ ನೆಟ್ಟವರು ಇನ್ನೊಬ್ಬರಿದ್ದರೆ ಕರೆದುಕೊಂಡು ಬನ್ನಿ.

ಆ ಮಕ್ಕಳು ಅವಳಿಗೆ ಅಂಟಿಕೊಂಡದ್ದು ಯಾವ ಉಪಾಯದಿಂದಲೂ ಅಲ್ಲ, ಕಾಲುನೋವಿನಿಂದ. ದಿನವಿಡೀ ನಿಂತು ಕಾಲು ಬಾತುಕೊಂಡು, ಒಂದು ದಿನ ತಾಳಲಾರದೆ ತರಗತಿಯ ಬಾಗಿಲಿಗೇ ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು. ಬಾಗಿಲು ಕಿರಿದು. ಗಂಟೆ ಹೊಡೆಯಿತು. ಹೊರಗೆ ಹೋಗಬೇಕಾದರೆ ಒಬ್ಬೊಬ್ಬರೇ ಅವಳ ಮೊಣಕಾಲು ಸವರಿಕೊಂಡು ಹೋಗಬೇಕು. ಮೊದಲನೇ ಹುಡುಗ ಬಂದು ನಿಂತ. ಏಳಲು ಅವಳ ಕೈಯಲ್ಲಿ ಆಗಲಿಲ್ಲ. ಸುಮ್ಮನೆ ಕೂರುವುದು ಹೇಗೆ ಎಂದು, "ಒಂದು ಮಾತು ಹೇಳಿ ಹೋಗು. ಪಾಠದ್ದು ಬೇಡ" ಎಂದಳು. ಅವನು ತಲೆ ಕೆರೆದುಕೊಂಡು, "ನಮ್ಮನೆ ಬೆಕ್ಕು ನಿನ್ನೆಯಿಂದ ಬಂದಿಲ್ಲ" ಎಂದ. ಮಾರನೇ ದಿನ ಅವನು ಎದುರಾದಾಗ ಅವಳು ಕೇಳಿದ್ದು ಒಂದೇ: "ಬೆಕ್ಕು ಬಂತಾ?"

ಅಂದಿನಿಂದ ಅದು ಆ ತರಗತಿಯ ಪದ್ಧತಿ. ಗಂಟೆ ಹೊಡೆದ ಮೇಲೆ ಸ್ಟೂಲು ಬಾಗಿಲಿಗೆ ಬರುತ್ತದೆ. ಪ್ರತಿಯೊಬ್ಬರೂ ಒಂದು ಮಾತು ಹೇಳಿ ದಾಟಬೇಕು. ಅವಳು ಬುದ್ಧಿ ಹೇಳುವುದಿಲ್ಲ, ಅಯ್ಯೋ ಪಾಪ ಎನ್ನುವುದಿಲ್ಲ. ಕೇಳಿಸಿಕೊಳ್ಳುತ್ತಾಳೆ, ಮರೆಯುವುದಿಲ್ಲ, ಅಷ್ಟೇ.

ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಹಿಂದಿನ ಬೆಂಚಿನಲ್ಲಿ ಕೂತೆ. ಒಬ್ಬೊಬ್ಬ ಹುಡುಗನೂ ತೆಂಗಿನಮರದಷ್ಟು ಎತ್ತರ. ಹುಡುಗಿಯರ ಉಗುರು ಒಂದೊಂದು ಗೇಣು. ಇವರ ನಡುವೆ ನಮ್ಮ ಟೀಚರಮ್ಮ ಮೇಜಿನ ಮೇಲೆ ಮರೆತುಹೋದ ಸೀಮೆಸುಣ್ಣದ ತುಂಡಿನ ಹಾಗೆ ಕಾಣುತ್ತಿದ್ದಳು. ಗಂಟೆಯಾಯಿತು. ಒಬ್ಬ "ಅಪ್ಪನಿಗೆ ಕೆಲಸ ಸಿಕ್ತು" ಎಂದು ಹೋದ. ಒಬ್ಬಳು "ನಿಮ್ಮ ಸಲ್ವಾರ್ ಉಲ್ಟಾ ಇದೆ ಮಿಸ್" ಎಂದು ಹೋದಳು. ಬಗ್ಗಿ ನೋಡಿದರೆ ನಿಜವೇ. ಕೊನೆಗೆ ನನ್ನ ಸರದಿ. ನನ್ನನ್ನೂ ಬಿಡಬೇಕಲ್ಲ! "ನನ್ನ ಹಲ್ಲುಸೆಟ್ಟು ಎಡಗಡೆ ಕಚ್ಚುತ್ತೆ" ಎಂದೆ. ಅವಳು ಅದನ್ನು ಅವರ ಭಾಷೆಗೆ ತಿರುಗಿಸಿದಳು. ಹೊರಗೆ ನಿಂತಿದ್ದ ಮಕ್ಕಳು ನಕ್ಕ ನಗುವಿಗೆ ಸೂರು ಹಾರಿಹೋಗದೆ ಉಳಿದದ್ದು ಕಟ್ಟಿದವನ ಪುಣ್ಯ. ಮುಂದಿನ ವಾರ ಅವರು ಅವಳ ಕೈಯಲ್ಲಿ ಹೇಳಿ ಕಳಿಸಿದ್ದು: ಅಜ್ಜಿಯ ಹಲ್ಲು ಹೇಗಿದೆ?

ಆ ತರಗತಿಯಲ್ಲಿ ಒಬ್ಬಳು ಹುಡುಗಿ. ನಾನು ಅವಳನ್ನು ಮೌನಗೌರಿ ಎನ್ನುತ್ತೇನೆ. ಮೂರು ತಿಂಗಳು ಬಾಗಿಲಲ್ಲಿ ಅವಳು ಹೇಳಿದ್ದು ಒಂದೇ, "ಏನಿಲ್ಲ." ಟೀಚರಮ್ಮ "ಸರಿ" ಎಂದು ಮೊಣಕಾಲು ಸರಿಸುತ್ತಿದ್ದಳು. ತಾಯಿ ಇಲ್ಲದ ಹುಡುಗಿ. ತಂದೆ ಹಡಗಿನ ಕೆಲಸದಲ್ಲಿ, ವರ್ಷಕ್ಕೊಮ್ಮೆ ಮುಖ ತೋರಿಸುವವನು. ಮನೆಯಲ್ಲಿ ಇರುವುದು ಅವಳು ಮತ್ತು ಅವಳ ತಾತ. ಒಂದು ಗುರುವಾರ ಹುಡುಗಿ ಬಾಗಿಲಲ್ಲಿ ನಿಂತು, ನೆಲ ನೋಡುತ್ತಾ, "ತಾತ ಬಿದ್ದುಬಿಟ್ರು. ಮೊಣಕಾಲು ಊದಿದೆ. ಅಡುಗೆ ನಾನೇ ಮಾಡ್ತೀನಿ" ಎಂದಳು.

ಒಂದು ಮಾತಲ್ಲ, ಮೂರು. ಆಗ ಟೀಚರಮ್ಮ ಮಾಡಿದ್ದು, ನಮ್ಮ ಕಡೆಯಿಂದ ಬಂದವರು ಮಾತ್ರ ಮಾಡುವಂಥ ತಪ್ಪು. ಶಾಲೆ ಬಿಟ್ಟ ಮೇಲೆ ನೆಟ್ಟಗೆ ಆ ಹುಡುಗಿಯ ಮನೆಗೆ ಹೋಗಿ ಬಾಗಿಲು ತಟ್ಟಿದಳು.

ನಮ್ಮ ಕಡೆ ಟೀಚರು ಮನೆಗೆ ಬಂದರೆ ಕುರ್ಚಿ ಒರೆಸುತ್ತೇವೆ, ಮಕ್ಕಳನ್ನು ಪಕ್ಕದ ಮನೆಗೆ ಸಕ್ಕರೆಗೆ ಓಡಿಸುತ್ತೇವೆ, ಬೀದಿಗೆಲ್ಲ ಕೇಳುವ ಹಾಗೆ "ಬನ್ನಿ ಬನ್ನಿ" ಎನ್ನುತ್ತೇವೆ. ಇಲ್ಲಿ ಹಾಗಲ್ಲ. ಇಲ್ಲಿ ಶಾಲೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡವರು ಕರೆಯದೆ ಬಾಗಿಲಿಗೆ ಬಂದರೆ ಅದಕ್ಕೆ ಒಂದೇ ಅರ್ಥ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಸರಿಯಿಲ್ಲ ಎಂದು ಯಾರೋ ದೂರು ಕೊಟ್ಟಿದ್ದಾರೆ, ಮಗುವನ್ನು ಕರೆದುಕೊಂಡು ಹೋಗಿ ಸರ್ಕಾರದ ವಶಕ್ಕೆ ಕೊಡುತ್ತಾರೆ. ತಾತ ಒಂದು ಬೆರಳಷ್ಟು ಬಾಗಿಲು ತೆರೆದ. ಕೊರಳಿನ ಚೀಟಿ ನೋಡಿದ. ಬಾಗಿಲು ಮುಚ್ಚಿದ. ಒಳಗೆ ಕುರ್ಚಿ ಎಳೆದು ಬಾಗಿಲಿಗೆ ಒತ್ತಿಟ್ಟ ಸದ್ದು ಇವಳಿಗೆ ಕೇಳಿಸಿತು.

ಮೆಟ್ಟಿಲಿಳಿಯುತ್ತಿದ್ದಾಗ ಹುಡುಗಿ ಎದುರಿಗೆ ಸಿಕ್ಕಳು, ಕೈಯಲ್ಲಿ ಬ್ರೆಡ್ಡು.

"ನಾನು ನಿಮಗೆ ಹೇಳಿದ್ದು ಮಿಸ್. ನಿಮ್ಮನ್ನ ಕರೆದಿರ್ಲಿಲ್ಲ."

ಅಷ್ಟೇ. ಮಾರನೇ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ಆ ಗುರುವಾರ ಸಂಜೆ ಟೀಚರಮ್ಮ ನನ್ನ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ. ಚೀಲಗಳು ಎರಡು ಪಕ್ಕ, ನಡುವೆ ಅವಳು.

"ಏನೇ, ಇಲ್ಲೇ ಬಿಡಾರ ಹೂಡ್ತೀಯಾ?" ಎಂದೆ.

"ಊರಿಂದ ಬರುವಾಗ ಬೇಡದ್ದನ್ನೆಲ್ಲ ಬಿಟ್ಟು ಬಂದೆ ಅಜ್ಜಿ. ಇದೊಂದು ಅಭ್ಯಾಸ ಯಾವ ಪೆಟ್ಟಿಗೇಲಿ ಬಂತೋ."

"ಒಳ್ಳೇದಕ್ಕೇ ಹೋಗಿದ್ದಲ್ವೇನೇ?"

"ಒಳ್ಳೇದಕ್ಕೆ ಅಂತ ನನಗೆ ಗೊತ್ತು. ಆ ತಾತನಿಗೆ ಹೇಗೆ ಗೊತ್ತಾಗ್ಬೇಕು? ನನ್ನ ಕೊರಳಲ್ಲಿ ನನ್ನ ಮನಸ್ಸು ನೇತಾಡ್ತಿರ್ಲಿಲ್ಲ, ಆ ಚೀಟಿ ನೇತಾಡ್ತಿತ್ತು."

ಹೆಡ್ಮೇಷ್ಟ್ರು ಕೆಟ್ಟವರಲ್ಲ, ಆದರೆ ಅವರ ಕೈಕಾಲಿಗೂ ನಿಯಮದ ಹಗ್ಗ. ಮುಂದಿನ ಸೋಮವಾರದೊಳಗೆ ಹುಡುಗಿ ಬಾರದಿದ್ದರೆ ಅವಳು ಈ ವರ್ಷದ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ, ಇಷ್ಟು ದಿನ ಮಗು ಶಾಲೆಗೆ ಬಂದಿಲ್ಲ ಎಂದು ಮೇಲಿನವರಿಗೆ ತಿಳಿಸಲೇಬೇಕು ಎಂದರು. ಮೇಲಿನವರು ಬಂದರೆ ಬಾಗಿಲಿಗೆ ಒತ್ತಿಟ್ಟ ಕುರ್ಚಿ ತಡೆಯುತ್ತದೆಯೇ? ತಾತ ಯಾವುದಕ್ಕೆ ಹೆದರಿ ಮೊಮ್ಮಗಳನ್ನು ಮನೆಯಲ್ಲಿ ಇಟ್ಟುಕೊಂಡನೋ, ಅದೇ ಆಗುತ್ತದೆ. ಅದೂ ನಮ್ಮ ಟೀಚರಮ್ಮನ ಕಾಳಜಿಯಿಂದಲೇ.

ಹುಡುಗಿಯ ಬೀದಿಯಲ್ಲೇ ತರಗತಿಯ ಇನ್ನೊಬ್ಬ ಹುಡುಗ ಇದ್ದಾನೆ. ಅವನ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಶಾಲೆಯಲ್ಲಿ ಅವನನ್ನು ರೇಡಿಯೋ ಎನ್ನುತ್ತಾರೆ. ಟೀಚರಮ್ಮ ಅವನ ಕೈಯಲ್ಲಿ ತಾತನಿಗೆ ಹೇಳಿ ಕಳಿಸಿದಳು: ಕರೆಯದೆ ನಿಮ್ಮ ಮನೆಗೆ ಬಂದೆ, ತಪ್ಪಾಯಿತು. ಈಗ ನಾನು ಕರೆಯುತ್ತಿದ್ದೇನೆ. ಭಾನುವಾರ ನನ್ನ ಮನೆಯ ಬಾಗಿಲು ತೆರೆದಿರುತ್ತದೆ. ಬಂದು ಮೂಲೆ ಮೂಲೆ ನೋಡಿ. ಏನು ಬೇಕಾದರೂ ಕೇಳಿ.

ರೇಡಿಯೋ ತಂದ ಉತ್ತರ ಚಿಕ್ಕದು: "ನೋಡ್ತೀನಿ ಅಂದ್ರು ಮಿಸ್. ಟೋಪಿ ಎಲ್ಲಿ ಅಂತ ಹುಡುಕ್ತಿದ್ರು."

ಶನಿವಾರ ನಾನು ಮೇಲೆ ಹತ್ತಿ ಅವಳ ಮನೆ ನೋಡಿದೆ. ನನ್ನ ಯಜಮಾನರು ಬದುಕಿದ್ದಾಗ ನಮ್ಮ ಮನೆಗೆ ಒಂದು ಸಲ ಕೋತಿಗಳ ಹಿಂಡು ನುಗ್ಗಿತ್ತು. ಆವತ್ತು ನಮ್ಮ ಮನೆ ಇದಕ್ಕಿಂತ ಒಪ್ಪವಾಗಿತ್ತು. ತೊಟ್ಟಿಯಲ್ಲಿ ಪಾತ್ರೆಯ ಗುಡ್ಡ. ಕುರ್ಚಿಗಳ ಮೇಲೆ ಒಣಗಿದ ಬಟ್ಟೆ. ಉತ್ತರಪತ್ರಿಕೆಗಳು ಮೇಜಿನ ಮೇಲೆ, ಮಂಚದ ಮೇಲೆ, ಒಂದು ಕಟ್ಟು ಫ್ರಿಜ್ಜಿನ ತಲೆಯ ಮೇಲೆ. ನಲ್ಲಿ ತೊಟ್ಟಿಕ್ಕುತ್ತಿತ್ತು.

"ಈ ಮನೆ ನೋಡಿದ್ರೆ ಆ ತಾತ ನಿನ್ನನ್ನೇ ಸರ್ಕಾರಕ್ಕೆ ಒಪ್ಪಿಸ್ತಾನೆ ಕಣೇ. ನಾನು ಪಾತ್ರೆ ತಿಕ್ಕಲಾ?"

"ನೀವು ಸುಮ್ನಿರಿ ಅಜ್ಜಿ. ಬೆಳಿಗ್ಗೆ ಎದ್ದು ಫಳಫಳ ಅನ್ನಿಸ್ತೀನಿ, ನೋಡ್ತಿರಿ."

ಭಾನುವಾರ ಬೆಳಗ್ಗೆ ಟೋಪಿ ತಾತ ಬಂದ. ಊದಿದ ಮೊಣಕಾಲು ಎಳೆದುಕೊಂಡು, ಒಂದೊಂದು ಮೆಟ್ಟಿಲಿಗೂ ಒಂದೊಂದು ಯುಗ ನಿಂತು ಹತ್ತಿದ. ನನ್ನ ಬಾಗಿಲ ಮುಂದೆ ಸ್ಟೂಲು ಹಾಕಿ ಕೂರಿಸಿ ನೀರು ಕೊಟ್ಟೆ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಮಂಡಿ ಹಿಡಿದುಕೊಂಡು "ಅಯ್ಯಮ್ಮಾ" ಎನ್ನುವುದು ಮಾತ್ರ ಇಬ್ಬರಿಗೂ ಬರುತ್ತಿತ್ತು. ಆಮೇಲೆ ನಾನು ಮುಂದೆ, ಅವನು ಹಿಂದೆ, ಮೇಲೆ ಹೋದೆವು.

ಬಾಗಿಲು ಹೇಳಿದ ಹಾಗೆ ತೆರೆದೇ ಇತ್ತು. ಒಳಗೆ, ಪೊರಕೆ ನೆಲದ ನಡುವೆ ಬಿದ್ದಿತ್ತು. ಅದರಿಂದ ಈಚೆ ಗುಡಿಸಿತ್ತು, ಆಚೆ ಗುಡಿಸಿರಲಿಲ್ಲ. ಒಳಕೋಣೆಯಲ್ಲಿ ಗಂಡನ ಗೊರಕೆ. ಮೇಜಿನ ಹತ್ತಿರ ಟೀಚರಮ್ಮ. ಒಂದೇ ಒಂದು ಉತ್ತರಪತ್ರಿಕೆ ತಿದ್ದಿ ಏಳೋಣ ಎಂದು ಕೂತಿದ್ದಳಂತೆ. ಕೆನ್ನೆ ಕಾಗದಕ್ಕೆ ಅಂಟಿ, ಬಾಯಿ ಸ್ವಲ್ಪ ತೆರೆದು, ಕೈಯಲ್ಲಿ ಕೆಂಪು ಪೆನ್ನು ಹಿಡಿದ ಹಾಗೇ ನಿದ್ದೆ. ಕೆನ್ನೆಯಿಂದ ಕಿವಿಯವರೆಗೆ ಒಂದು ಕೆಂಪು ಗೆರೆ.

ಆಯಿತು, ಮುಗಿಯಿತು ಹುಡುಗಿಯ ಪರೀಕ್ಷೆ ಅಂದುಕೊಂಡು, ಟೀಚರಮ್ಮನನ್ನು ಅಲುಗಾಡಿಸಲು ಕೈ ಚಾಚಿದೆ. ತಾತ ನನ್ನ ಸೆರಗು ಹಿಡಿದು ಎಳೆದ. ತುಟಿಯ ಮೇಲೆ ಬೆರಳಿಟ್ಟ.

ಟೋಪಿ ತೆಗೆದ. ಸುತ್ತ ನೋಡಿದ: ಪಾತ್ರೆಯ ಗುಡ್ಡ, ಬಟ್ಟೆ, ಅರ್ಧ ಗುಡಿಸಿದ ನೆಲ, ಫ್ರಿಜ್ಜಿನ ಮೇಲಿನ ಕಟ್ಟು. ಕುಂಟುತ್ತಾ ಹೋಗಿ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದ. ಕುರ್ಚಿಯ ಮೇಲಿನ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕೂತವನು ಕೈ ಸುಮ್ಮನಿರಲಾರದೆ ಮಡಚಲು ಶುರುಮಾಡಿದ. ನಾನೂ ಒಂದು ಮೂಲೆ ಹಿಡಿದೆ. ನಾವಿಬ್ಬರು ಮುದಿಯರು ಉಸಿರು ಬಿಗಿ ಹಿಡಿದು ಆ ಮನೆಯ ಹೊದಿಕೆ, ಅಂಗಿ, ಲಂಗಗಳನ್ನೆಲ್ಲ ಮಡಚಿ ಮುಗಿಸಿದೆವು. ಅವಳು ಏಳಲಿಲ್ಲ. ಲೋಕ ಮುಳುಗಿ, ಒಣಗಿ, ಮತ್ತೆ ಹುಟ್ಟಿದ್ದರೂ ಏಳುತ್ತಿರಲಿಲ್ಲ.

ಕೊನೆಗೆ ಪೆನ್ನು ಕೈಯಿಂದ ಜಾರಿ ಬಿದ್ದ ಸದ್ದಿಗೆ ಎದ್ದಳು. ತಾತನನ್ನು ಕಂಡು ಮುಖ ಬಿಳುಚಿಕೊಂಡಿತು. ಕೆಂಪು ಗೆರೆ ಇನ್ನೂ ಕೆಂಪಾಯಿತು. ಮುಂದಿನ ಮಾತುಕತೆ ಅವಳೇ ಆಮೇಲೆ ನನಗೆ ಹೇಳಿದ್ದು.

"ಎಷ್ಟು ಹೊತ್ತಾಯ್ತು ನೀವು ಬಂದು?"

"ಈಗಷ್ಟೇ" ಎಂದನಂತೆ ತಾತ, ಮಡಚಿದ ಬಟ್ಟೆಯ ಬೆಟ್ಟದ ಪಕ್ಕ ಕೂತು. "ಒಂದೇ ಪ್ರಶ್ನೆ ಮೇಡಂ. ನಿಮ್ಮನ್ನ ಯಾರು ನೋಡ್ಕೋತಾರೆ?"

ಅವಳು ಗೊರಕೆ ಬರುತ್ತಿದ್ದ ಒಳಕೋಣೆಯ ಕಡೆ ನೋಡಿದಳು. "ಯಾರೂ ಇಲ್ಲ. ಕೆಳಗಿನ ಮನೆ ಅಜ್ಜಿ ಬೈತಿರ್ತಾರೆ."

"ಸರ್ಕಾರದವರು ಬಂದ್ರೆ ನನ್ನನ್ನ ಕೇಳೋದೂ ಇದನ್ನೇ. ಮಗುವನ್ನ ಯಾರು ನೋಡ್ಕೋತಾರೆ ಅಂತ. ಒಂದು ವಾರದಿಂದ ನಾನು ಉತ್ತರ ಹುಡುಕ್ತಿದೀನಿ, ಸಿಗ್ತಿಲ್ಲ. ನಿಮ್ಮ ಹತ್ರಾನೂ ಇಲ್ಲ ಅಂತಾಯ್ತಲ್ಲ" ಎಂದು ತಾತ ಟೋಪಿ ಹಾಕಿಕೊಂಡ. "ನಾಳೆ ಕಳಿಸ್ತೀನಿ. ಆದ್ರೆ ಅವಳನ್ನ ನೀವು ಏನೂ ಕೇಳಬಾರದು."

"ಕೇಳಲ್ಲ."

"ಮನೆಗೂ ಬರಬಾರದು."

"ಬರಲ್ಲ."

ಬಾಗಿಲವರೆಗೆ ಹೋದವನು ತಿರುಗಿ, "ಕರೆದಾಗ ಬನ್ನಿ" ಎಂದ. ಇಳಿಯುವಾಗ ನನ್ನ ಹೆಗಲು ಹಿಡಿದುಕೊಂಡೇ ಇಳಿದ. ಹೆಗಲು ಇವತ್ತಿಗೂ ನೋಯುತ್ತದೆ.

ಸೋಮವಾರ ಹುಡುಗಿ ಬಂದಳು. ಹಿಂದಿನ ಬೆಂಚಿನಲ್ಲಿ ಕೂತಳು. ಹೆಡ್ಮೇಷ್ಟ್ರು ಪರೀಕ್ಷೆಗೆ ಅವಳ ಹೆಸರು ಉಳಿಸಿಕೊಂಡರು. ಗಂಟೆ ಹೊಡೆಯಿತು, ಸ್ಟೂಲು ಬಾಗಿಲಿಗೆ ಬಂತು. ಹುಡುಗಿ ಎದುರಿಗೆ ನಿಂತು, ನೆಲ ನೋಡುತ್ತಾ ಹೇಳಿದ್ದು, "ಏನಿಲ್ಲ."

"ಸರಿ" ಎಂದು ಟೀಚರಮ್ಮ ಮೊಣಕಾಲು ಸರಿಸಿದಳು.

ಮಂಗಳವಾರವೂ ಏನಿಲ್ಲ. ಆ ವಾರವಿಡೀ, ಮುಂದಿನ ವಾರವಿಡೀ ಏನಿಲ್ಲ. "ಮೂರು ತಿಂಗಳು ಕಾದಿದ್ದೆ ಅಜ್ಜಿ ಆ ಬಾಯಿ ತೆರೆಯೋಕೆ. ಒಂದು ಸಂಜೇಲಿ ನಾನೇ ಬೀಗ ಹಾಕಿದೆ. ಈಗ ಮತ್ತೆ ಮೊದಲಿಂದ" ಎಂದಳು. ಸಾಕಾಗಿದೆ ಎನ್ನುತ್ತಾಳೆ. ಸಾಕು ಎಂದು ಮಾತ್ರ ಅನ್ನುವುದಿಲ್ಲ. ಮಾರನೇ ದಿನ ಅದೇ ಆನೆಯ ಸದ್ದು ಮೆಟ್ಟಿಲಿಳಿಯುತ್ತದೆ.

ಎಲ್ಲರೂ ಬಿರುದು ಬಾವಲಿಗೆ ಆಸೆಪಡುತ್ತಾರಲ್ಲ, ನಿನಗೇನು ಬೇಕೇ ಎಂದು, ಅವಳ ಬಗ್ಗೆ ನಾನು ಬರೆಯುತ್ತಿರುವ ಈ ಬರಹಕ್ಕಾಗಿ ಕೇಳಿದೆ. ಅವಳು ಬಹಳ ಯೋಚನೆ ಮಾಡಿದಳು. ನಡುವೆ ಒಂದು ಸಲ ಕಣ್ಣೂ ಮುಚ್ಚಿದಳು. "ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ರೆ ಸಾಕು. ತಲೆ ಆನಿಸಬಹುದು. ಈಗ ಪಕ್ಕದವರ ಹೆಗಲ ಮೇಲೆ ವಾಲಿಬಿಡ್ತೀನಿ, ಪಾಪ ಅವರೂ ಕೆಲಸಕ್ಕೆ ಹೋಗೋರು."

ನಾಡಿದ್ದು ಪರೀಕ್ಷೆ. ಮೌನಗೌರಿ ಕೂರುತ್ತಾಳೆ. ನಿನ್ನೆ ಶುಕ್ರವಾರ, ಈ ವರ್ಷದ ಕೊನೆಯ ಪಾಠ. ಸಂಜೆ ಟೀಚರಮ್ಮ ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲ ಮುಂದೆ ಚೀಲಗಳನ್ನು ಇಳಿಸಿ ಕೂತಳು. ಬೂಟು ಬಿಚ್ಚಿದಳು. ಬಾತ ಪಾದ ಒತ್ತಿಕೊಂಡು ಮತ್ತೆ ಚೀಲಗಳಿಗೆ ಕೈ ಹಾಕಿದಳು.

"ಏನೇ, ನನಗೂ ಏನಿಲ್ಲ ಅಂತೀಯಾ? ನನ್ನ ಬಾಗಿಲಲ್ಲೂ ಒಂದು ಮಾತು ಹೇಳ್ದೆ ದಾಟೋ ಹಾಗಿಲ್ಲ" ಎಂದು ಕಾಲು ಅಡ್ಡ ಇಟ್ಟೆ.

"ಆ ಹುಡುಗಿ ಇವತ್ತು ಬಾಗಿಲಲ್ಲಿ ನಿಂತ್ಲು ಅಜ್ಜಿ. 'ಸರಿ' ಅನ್ನೋಕೆ ಬಾಯಿ ತೆರೆದಿದ್ದೆ ನಾನು. 'ನೀವು ಸರಿಯಾಗಿ ನಿದ್ದೆ ಮಾಡ್ತೀರಾ ಅಂತ ತಾತ ಕೇಳ್ತಿದ್ರು' ಅಂದ್ಲು."

"ನೀನೇನಂದೆ?"

"ಪರೀಕ್ಷೆ ಎಲ್ಲ ಮುಗೀಲಿ, ಆಮೇಲೆ ಮಾಡ್ತಾರಂತೆ ಅಂತ ಹೇಳು, ಅಂದೆ. ಅವಳು ಹೋಗ್ಲಿಲ್ಲ. ನನ್ನ ಮುಖಾನೇ ನೋಡಿದ್ಲು. ನೆಲ ನೋಡ್ಲಿಲ್ಲ. 'ಅದು ಉತ್ತರ ಅಲ್ಲ ಮಿಸ್' ಅಂದ್ಲು."

ಟೀಚರಮ್ಮ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಎದ್ದಳು. ಚೀಲಗಳನ್ನು ಒಂದೊಂದಾಗಿ ಹೆಗಲಿಗೇರಿಸಿದಳು. ಮೂರು ಮೆಟ್ಟಿಲು ಹತ್ತಿ, ಗೋಡೆಗೆ ಒರಗಿ ನಿಂತು, ಬಗ್ಗಿ ನನ್ನನ್ನು ನೋಡಿದಳು.

"ನಾನು ಕೇಳೋದು ಒಂದೇ ಮಾತು ಅಲ್ವಾ ಅಜ್ಜಿ? ಅವಳು ಎರಡು ಹೇಳಿದ್ಲು."